ಉರಿಯುವ ಮನೆಯೊಳಗೆ ಅರಿವೇ ಬೆಳಕು

ಕಂಪಲಾಪುರದ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿತೆಂದರೆ ಬ್ಯಾರನ್ನುಗಳ ಒಲೆ ಹಗಲಿರುಳೂ ಉರಿಯುತ್ತಿರುತ್ತದೆ. ಮೇಲೆ ಸಾಲುಸಾಲಾಗಿ ತೂಗುವ ಸೊಪ್ಪು, ಕೆಳಗೆ ಕಾದ ಕಬ್ಬಿಣದ ಕೊಳವೆ. ಒಣಗಿದ ಎಲೆಯೊಂದು ಜಾರಿ ಅದರ ಮೇಲೆ ಬಿದ್ದರೆ ಸಾಕು, ವರ್ಷದ ದುಡಿಮೆ ಬೂದಿಯಾಗಬಹುದು. ಅಂತಹ ಗಳಿಗೆಯಲ್ಲಿ ನಾವು ಕಾತರದಿಂದ ಎದುರುನೋಡುವುದು ಅಗ್ನಿಶಾಮಕ ದಳದವರನ್ನು.

ಬಂದವರು ಕೂಡಲೇ ಒಳನುಗ್ಗದೆ ಕಟ್ಟಡವನ್ನು ಸುತ್ತಿ ನೋಡಿದರೆ 'ಏಕೀ ತಡ?' ಎಂದು ನಾವು ಬೇಸರಗೊಳ್ಳುವುದುಂಟು. ಅದು ತಡವಲ್ಲ, ಅವರ ಕಾಯಕದ ಮೊದಲ ಹೆಜ್ಜೆ. ಹೊಗೆಯ ಬಣ್ಣವೇನು, ರಭಸವೆಷ್ಟು, ಗಾಳಿ ಎತ್ತಣಿಂದ ಬೀಸುತ್ತಿದೆ, ಗೋಡೆ ಬಿರಿದಿದೆಯೆ, ಹೆಂಚಿನಡಿಯ ತೊಲೆ ಜಗ್ಗಿದೆಯೆ ಎಂಬುದನ್ನು ಅವರು ಅರಿಯಬೇಕು. ಮುಚ್ಚಿದ ಕೋಣೆಯಲ್ಲಿ ಗಾಳಿಯಿಲ್ಲದೆ ಕುಗ್ಗಿದ ಬೆಂಕಿಯು ಬಾಗಿಲು ತೆರೆದೊಡನೆ ಸಿಡಿದು ಹೊರಚಿಮ್ಮಬಲ್ಲದು. ಒಳಹೊಕ್ಕ ಮೇಲೂ ಜೊತೆಗಾರನನ್ನು ಬಿಟ್ಟಗಲದೆ, ನೆಲಕ್ಕೆ ಬಾಗಿ, ಗೋಡೆಯನ್ನೋ ನೀರಿನ ಪೈಪನ್ನೋ ಆಧರಿಸಿ ಸಾಗಬೇಕು. ಮರಳುವ ದಾರಿಯ ನೆನಪು ಒಂದು ಕ್ಷಣವೂ ತಪ್ಪಬಾರದು.

ಇದು ಹಳ್ಳಿಗೆ ಮಾತ್ರ ಸಲ್ಲುವ ಮಾತಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿದಾಗ, ಹೊಗೆ ಮೇಲಿನ ಮಹಡಿಗಳನ್ನೆಲ್ಲ ತುಂಬಿತು. ಉಸಿರುಗಟ್ಟಿದ ಕೆಲವರು ಕಿಟಕಿಯಿಂದ ಧುಮುಕಿದರು. ಒಟ್ಟು 9 ಮಂದಿ ಅಸುನೀಗಿದರು. ಜ್ವಾಲೆಗಿಂತ ಹೊಗೆಯೇ ಕ್ರೂರವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊರಗಿನಿಂದ ಬಂದ ಸಿಬ್ಬಂದಿಗೆ ನಮ್ಮ ಮನೆಯ ಒಳಗು ತಿಳಿಯದು. ತಿಳಿಸಬೇಕಾದವರು ನಾವೇ. 101 ಅಥವಾ 112ಕ್ಕೆ ಕರೆಮಾಡಿ ಊರು, ದಾರಿ, ಗುರುತುಗಳನ್ನು ಸ್ಪಷ್ಟವಾಗಿ ಹೇಳೋಣ. ಅವರು ಬಂದೊಡನೆ ಮನೆಯವರಲ್ಲಿ ಒಬ್ಬರು ಮಾತ್ರ ಮುಂದೆ ನಿಂತು, ಒಳಗೆ ಯಾರಾದರೂ ಉಳಿದಿದ್ದಾರೆಯೆ, ಯಾವ ಕೋಣೆಯಲ್ಲಿ, ಗ್ಯಾಸ್ ಸಿಲಿಂಡರ್, ಗೊಬ್ಬರ, ಕ್ರಿಮಿನಾಶಕಗಳು ಎಲ್ಲಿವೆ, ಕರೆಂಟಿನ ಮೇನ್ ಸ್ವಿಚ್ ಆರಿಸಿದೆಯೆ, ಹಿತ್ತಲ ಬಾಗಿಲು ಎತ್ತ, ಸಮೀಪದಲ್ಲಿ ನೀರೆಲ್ಲಿದೆ ಎಂಬುದನ್ನು ತಿಳಿಸಬೇಕು. ಹತ್ತು ಜನ ಹತ್ತು ಬಗೆಯಾಗಿ ಕೂಗಿದರೆ ಅವರ ಕಿವಿಗೆ ಗದ್ದಲವಷ್ಟೇ ಬೀಳುತ್ತದೆ. ಒಡವೆಗಾಗಿ, ಸೊಪ್ಪಿಗಾಗಿ ಮತ್ತೆ ಒಳಗೆ ಓಡುವುದಂತೂ ಸಲ್ಲದು. ನಮ್ಮನ್ನು ಹುಡುಕಲು ಇನ್ನೊಂದು ಜೀವ ಒಳಗೆ ಹೋಗಬೇಕಾಗುತ್ತದೆ.

ಆ ಜೀವಕ್ಕೂ ಒಂದು ಮನೆಯಿದೆ, ದಾರಿ ಕಾಯುವ ತಾಯಿಯಿದ್ದಾಳೆ. ಈ ಸಂಜೆಯೇ ಮನೆಮಂದಿಯೆಲ್ಲ ಕುಳಿತು, ಆಪತ್ತಿನಲ್ಲಿ ಯಾರು ಏನು ಹೇಳಬೇಕೆಂಬುದನ್ನು ನಿಶ್ಚಯಿಸಿಕೊಂಡರೆ, ನಮ್ಮನ್ನು ಉಳಿಸಲು ಬರುವವರನ್ನು ನಾವೂ ಉಳಿಸಿದಂತಾಗುತ್ತದೆ.