ಏಪ್ರಿಕಾಟ್: ಒಂದು ಹೆಸರಿನ ಸಂಚಾರ

ಒಣಹಣ್ಣಿನ ಅಂಗಡಿಗಳಲ್ಲಿ ಜರ್ದಾಳು ಎಂದು ಮಾರುವ ಹಣ್ಣನ್ನು ನೀವು ಬಲ್ಲಿರಿ. ಇಂಗ್ಲಿಷಿನಲ್ಲಿ ಅದಕ್ಕೆ ಏಪ್ರಿಕಾಟ್ ಎಂದು ಹೆಸರು. ಈ ಹೆಸರಿನ ವಿಚಾರದಲ್ಲಿ ನಾನೊಮ್ಮೆ ಎಡವಿದ್ದುಂಟು. ಆ ಪ್ರಸಂಗದಿಂದಲೇ ಇಂದಿನ ಮಾತನ್ನು ತೊಡಗುತ್ತೇನೆ.

ಎಂ.ಎ. ತರಗತಿಯಲ್ಲಿ ಅನ್ಯದೇಶ್ಯ ಪದಗಳನ್ನು ಕುರಿತು ಪಾಠ ಹೇಳುತ್ತಿದ್ದೆ. ಅರಬ್ಬೀ ಮಾತುಗಳು ನಮ್ಮಲ್ಲಿಗೆ ಬಂದಂತೆ ಯೂರೋಪಿಗೂ ಹೋದುವೆಂದು ತೋರಿಸಲು ಈ ಹಣ್ಣಿನ ಸ್ಪ್ಯಾನಿಷ್ ಹೆಸರಾದ ‘ಅಲ್ಬರಿಕೋಕೆ’ಯನ್ನು ಹಲಗೆಯ ಮೇಲೆ ಬರೆದೆ. “ಮೊದಲಿಗಿರುವ ‘ಅಲ್’ ನೋಡಿ. ಇಂಗ್ಲಿಷಿನ ‘ದಿ’ ಇದ್ದಂತೆ ಅರಬ್ಬಿಗೆ ಅದು. ಆದ್ದರಿಂದ ಇದು ಅಪ್ಪಟ ಅರಬ್ಬೀ ಪದ” ಎಂದೆ. ವಿದ್ಯಾರ್ಥಿಯೊಬ್ಬ ಎದ್ದು, “ಅರಬ್ಬರಿಗೆ ಅದು ಎಲ್ಲಿಂದ ಬಂತು, ಸಾರ್?” ಎಂದು ಕೇಳಿದ. “ಅದು ಅವರದೇ ಕಣಯ್ಯಾ” ಎಂದು ಅವನನ್ನು ಕೂರಿಸಿದೆ. ಸಂಜೆ ನಿಘಂಟನ್ನು ತೆರೆದಾಗ ಅವನ ಪ್ರಶ್ನೆಯೇ ಸರಿ, ನನ್ನ ಉತ್ತರವೇ ತಪ್ಪು ಎಂದು ತಿಳಿಯಿತು.

ಈ ಹೆಸರಿನ ಕಥೆ ಮೊದಲಾಗುವುದು ಅರೇಬಿಯದಲ್ಲಲ್ಲ, ರೋಮಿನಲ್ಲಿ. ಪೂರ್ವದಿಂದ ಬಂದ ಈ ಹಣ್ಣನ್ನು ರೋಮನರು ಆರ್ಮೇನಿಯದ ಹೆಸರಿನಿಂದ ಕರೆದರು. ಬೇಗನೆ ಮಾಗುವುದರಿಂದ ‘ಪ್ರೈಕೋಕ್ವುಮ್’ ಎಂದೂ ಕರೆದರು. ‘ಮುಂಚಿತವಾಗಿ ಪಕ್ವವಾದದ್ದು’ ಎಂದು ಅದರ ಅರ್ಥ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಈ ಎರಡು ಹೆಸರುಗಳನ್ನೂ ದಾಖಲಿಸಿದ್ದಾನೆ. ಲ್ಯಾಟಿನ್ನಿನ ಈ ಮಾತು ಗ್ರೀಕಿನ ಮೂಲಕ ಅರಬ್ಬಿಗೆ ದಾಟಿತು. ಅರಬ್ಬಿಯಲ್ಲಿ ಪಕಾರವಿಲ್ಲ. ಹಾಗಾಗಿ ‘ಪ’ ಹೋಗಿ ‘ಬ’ ಬಂದು, ‘ಅಲ್’ ಸೇರಿ, ‘ಅಲ್-ಬರ್ಕೂಕ್’ ಆಯಿತು.

ಸ್ಪೇನಿನಲ್ಲಿ ೭೧೧ರಲ್ಲಿ ಕಾಲಿಟ್ಟ ಮುಸ್ಲಿಂ ಆಳ್ವಿಕೆ ೧೪೯೨ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಆ ದೀರ್ಘಕಾಲದ ಒಡನಾಟದಲ್ಲಿ ಈ ಮಾತು ಸ್ಪ್ಯಾನಿಷನ್ನು ಸೇರಿತು. ಲ್ಯಾಟಿನ್ನಿನ ಮಗಳಾದ ಆ ಭಾಷೆ ತನ್ನ ತಾಯಿಯ ಮಾತನ್ನೇ ಪರರಿಂದ ಕಡ ತಂದಂತಾಯಿತು! ಇದೇ ಹೆಸರು ಇಟಾಲಿಯನ್ನಿನಲ್ಲಿ ‘ಅಲ್ಬಿಕೊಕ್ಕ’, ಫ್ರೆಂಚಿನಲ್ಲಿ ‘ಅಬ್ರಿಕೊ’, ಜರ್ಮನ್ನಿನಲ್ಲಿ ‘ಅಪ್ರಿಕೋಸೆ’. ಆಸ್ಟ್ರಿಯದವರು ಮಾತ್ರ ‘ಮರಿಲ್ಲೆ’ ಎನ್ನುತ್ತಾರೆ. ಅದರಲ್ಲಿ ಆರ್ಮೇನಿಯದ ನೆನಪು ಉಳಿದಿದೆ. ಇತ್ತ ಈಜಿಪ್ಟಿನಲ್ಲಿ ಇಂದು ‘ಬರ್ಕೂಕ್’ ಎಂದರೆ ಪ್ಲಮ್ ಹಣ್ಣು. ಏಪ್ರಿಕಾಟಿಗೆ ಅಲ್ಲಿ ‘ಮಿಷ್‌ಮಿಷ್’ ಎಂಬ ಬೇರೆಯೇ ಹೆಸರು.

ಷೇಕ್ಸ್‌ಪಿಯರನ ಕಾಲದ ಇಂಗ್ಲಿಷರು ‘ಏಪ್ರಿಕಾಕ್’ ಎನ್ನುತ್ತಿದ್ದರು. ಅವನ ‘ಎರಡನೆಯ ರಿಚರ್ಡ್’ ನಾಟಕದ ತೋಟದ ದೃಶ್ಯದಲ್ಲಿ ಆ ರೂಪವೇ ಇದೆ. ೧೬೧೭ರಲ್ಲಿ ಜಾನ್ ಮಿನ್ಷೂ ಎಂಬ ನಿಘಂಟುಕಾರ, ಲ್ಯಾಟಿನ್ನಿನ ‘ಅಪ್ರಿಕೊ’ ಎಂದರೆ ಬಿಸಿಲಿನ ಎಡೆ, ಅಲ್ಲಿ ಮಾಗಿದ್ದೇ ಏಪ್ರಿಕಾಕ್ ಎಂದು ವಿವರಿಸಿದ. ಕೇಳಲು ಎಷ್ಟು ಸೊಗಸು! ಆದರೆ ನಿಜವಲ್ಲ. ಸೊಗಸಾದ ವ್ಯುತ್ಪತ್ತಿಯೆಲ್ಲ ಸತ್ಯವಾಗಬೇಕಿಲ್ಲ. ಆದರೂ ‘ಅಬ್ರಿ’ ಎಂಬುದು ಇಂಗ್ಲಿಷಿನಲ್ಲಿ ‘ಏಪ್ರಿ’ ಆದುದರಲ್ಲಿ ಇಂಥ ಕಲ್ಪನೆಯ ಪಾತ್ರವೂ ಇದ್ದೀತೆಂದು ವಿದ್ವಾಂಸರು ಊಹಿಸುತ್ತಾರೆ. ತಪ್ಪು ತಿಳಿವಳಿಕೆಗೂ ಮಾತಿನ ರೂಪವನ್ನು ತಿದ್ದುವ ಶಕ್ತಿಯುಂಟು.

ನಮಗೂ ಇಲ್ಲೊಂದು ದೂರದ ನಂಟಿದೆ. ಪ್ರೈಕೋಕ್ವುಮ್ ಎಂಬಲ್ಲಿನ ‘ಕೋಕ್’ ಬೇಯುವುದನ್ನು, ಮಾಗುವುದನ್ನು ಹೇಳುವ ಧಾತು. ಅದೂ ಸಂಸ್ಕೃತದ ‘ಪಚ್’ ಧಾತುವೂ ಒಂದೇ ಮೂಲದವು. ನಾವು ಸಂಸ್ಕೃತದಿಂದ ಪಡೆದ ಪಾಕ, ಪಕ್ವ ಎಂಬ ಮಾತುಗಳು ಹೀಗೆ ಏಪ್ರಿಕಾಟಿನ ದಾಯಾದಿಗಳು.

ಮರುದಿನ ತರಗತಿಯಲ್ಲಿ ಆ ವಿದ್ಯಾರ್ಥಿಯನ್ನು ಎಬ್ಬಿಸಿ, ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ. ಮೈಮೇಲಿನ ಒಂದು ಗುರುತನ್ನು ಕಂಡು ಮಾತಿನ ಕುಲವನ್ನು ನಿರ್ಣಯಿಸಬಾರದು. ಇದು ನಮ್ಮದು, ಅದು ಅವರದು ಎಂದು ಗೆರೆ ಎಳೆಯುವ ಮೊದಲು, ಅವರಿಗೆ ಎಲ್ಲಿಂದ ಬಂತು ಎಂದು ಇನ್ನೊಮ್ಮೆ ಕೇಳಬೇಕು. ಆ ಹುಡುಗ ಕೇಳಿದ್ದು ಅದನ್ನೇ. ನನ್ನ ತೀರ್ಪೇ ಅಂದು ಕಾಲಕ್ಕೆ ಮುನ್ನ ಮಾಗಿದ ಹಣ್ಣಾಗಿತ್ತು.