ಗೃಹಕೃತ್ಯದ ಲೆಕ್ಕವೂ ಮೊಬೈಲ್ ಆ್ಯಪ್‌ಗಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಗೃಹಿಣಿಯರಾಗಿಯೂ, ದಾದಿಯರಾಗಿಯೂ, ಉಪಾಧ್ಯಾಯಿನಿಯರಾಗಿಯೂ, ಕಚೇರಿಗಳಲ್ಲಿ ದುಡಿಯುವವರಾಗಿಯೂ ಇದ್ದಾರೆ. ಮನೆಗೆ ಬರುವ ಹಣವೆಷ್ಟೆಂದು ಕೇಳಿದರೆ ಅವರೆಲ್ಲರೂ ಕೂಡಲೇ ಉತ್ತರ ಹೇಳಬಲ್ಲರು. ಆದರೆ ಕಳೆದ ತಿಂಗಳು ಹಾಲಿಗೆಷ್ಟು, ಔಷಧಕ್ಕೆಷ್ಟು, ಬಸ್ಸು ಆಟೋಗಳಿಗೆಷ್ಟು ಸಂದಿತೆಂದು ಕೇಳಿದರೆ ತಡವರಿಸದೆ ಹೇಳುವವರು ವಿರಳ. ಆದಾಯವು ಒಂದೇ ಬಾಗಿಲಿನಿಂದ ಒಳಗೆ ಬರುತ್ತದೆ. ಖರ್ಚಾದರೋ ನೂರು ಸಂದುಗಳಿಂದ ಹೊರಗೆ ಹೋಗುತ್ತದೆ. ಆ ಸಂದುಗಳನ್ನು ಕಂಡುಕೊಳ್ಳಲು ಮೊಬೈಲ್ ಫೋನಿನಲ್ಲಿರುವ ಲೆಕ್ಕದ ಆ್ಯಪ್‌ಗಳು ಹೇಗೆ ಸಹಾಯಕವಾಗುತ್ತವೆ, ಅವುಗಳನ್ನು ಉಪಯೋಗಿಸುವಾಗ ಯಾವ ಎಚ್ಚರಿಕೆಗಳು ಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ತಿಳಿಸಲು ಯತ್ನಿಸುವೆನು.

ಮನೆಯ ಲೆಕ್ಕ ಬರೆಯುವುದು ಹೊಸ ಸಂಗತಿಯಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ರೂಪಾಯಿಗೆ ೧೬ ಆಣೆಗಳು, ಆಣೆಗೆ ೧೨ ಪೈಗಳು. ೧೯೫೭ನೆಯ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿಯು ಬರುವವರೆಗೂ ಗೃಹಿಣಿಯು ಈ ಭಾಗಗಳನ್ನೆಲ್ಲ ಕೂಡಿ ಕಳೆದು ಲೆಕ್ಕ ಮುಗಿಸಬೇಕಾಗಿತ್ತು. ಜಪಾನ್ ದೇಶದಲ್ಲಿ ಹಾನಿ ಮೊಟೊಕೊ ಎಂಬ ಪತ್ರಿಕೋದ್ಯಮಿ ಮಹಿಳೆಯು ೧೯೦೪ರಲ್ಲಿಯೇ ಗೃಹಿಣಿಯರಿಗಾಗಿ ಒಂದು ಲೆಕ್ಕದ ಪುಸ್ತಕವನ್ನು ಅಚ್ಚು ಹಾಕಿಸಿದರು. ಅದಕ್ಕೆ 'ಕಕೇಬೊ' ಎಂದು ಹೆಸರು. ಖರ್ಚು ಮಾಡಿದ ಮೇಲೆ ಬರೆದಿಡುವುದು ಮಾತ್ರವಲ್ಲದೆ, ಯಾವ ಬಾಬಿಗೆ ಎಷ್ಟೆಂದು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವುದೂ ಅದರ ಪದ್ಧತಿ. ಅವರೇ ೧೯೨೧ರಲ್ಲಿ ತಮ್ಮ ಪತಿಯೊಡನೆ ಟೋಕಿಯೊ ನಗರದಲ್ಲಿ ಒಂದು ಬಾಲಿಕಾ ಶಾಲೆಯನ್ನೂ ಸ್ಥಾಪಿಸಿದರೆಂಬುದು ನಮಗೆ ಸಂತೋಷ ಕೊಡತಕ್ಕ ವಿಷಯ. ಇಂದಿನ ಆ್ಯಪ್‌ಗಳು ಮಾಡುವುದೂ ಮುಖ್ಯವಾಗಿ ಇವೇ ಎರಡು ಕೆಲಸಗಳನ್ನು.

ಹಾಗಾದರೆ ಪುಸ್ತಕವೇ ಸಾಲದೇ ಎಂದು ಕೆಲವರು ಕೇಳಬಹುದು. ಕ್ರಮವಾಗಿ ಬರೆಯುವವರಿಗೆ ಪುಸ್ತಕವು ಈಗಲೂ ಸಾಕು. ಆದರೆ ಹಣ ಕೊಡುವ ರೀತಿಯೇ ಬದಲಾಗಿದೆ. ೨೦೧೬ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ಎಂಬ ಏರ್ಪಾಡನ್ನು ಆರಂಭಿಸಿದಂದಿನಿಂದ ಸೊಪ್ಪಿನವಳ ಬುಟ್ಟಿಯ ಮುಂದೆಯೂ ಒಂದು ಕ್ಯೂಆರ್ ಚೀಟಿ ಕಾಣುತ್ತದೆ. ಪರ್ಸಿನಲ್ಲಿದ್ದ ನೋಟನ್ನು ಮುರಿಸುವಾಗ ಮನಸ್ಸು ಒಂದು ಕ್ಷಣ ಹಿಂಜರಿಯುತ್ತಿತ್ತು. ಫೋನನ್ನು ತೋರಿಸುವಾಗ ಆ ಹಿಂಜರಿಕೆಯಿಲ್ಲ. ದಿನವೊಂದಕ್ಕೆ ತಿಂಡಿ ಚಹಾಗಳಿಗೆಂದು ೪೦ ರೂಪಾಯಿ ಹೋದರೆ ಯಾರೂ ಗಮನಿಸುವುದಿಲ್ಲ. ಆದರೆ ಅದು ತಿಂಗಳಿಗೆ ೧,೨೦೦, ವರ್ಷಕ್ಕೆ ೧೪,೬೦೦ ರೂಪಾಯಿಗಳಾಗುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಉಳಿತಾಯಕ್ಕೆ ಸಲ್ಲುವಂತೆಯೇ ಸೋರಿಕೆಗೂ ಸಲ್ಲುತ್ತದೆ. ಹಣ ಕೊಡುವ ಸಾಧನವೂ ಲೆಕ್ಕದ ಪುಸ್ತಕವೂ ಒಂದೇ ಕೈಯಲ್ಲಿದ್ದರೆ, ಕೊಟ್ಟಲ್ಲಿಯೇ ನಿಂತು ಬರೆದುಬಿಡುವುದು ಸುಲಭ.

ಈ ಆ್ಯಪ್‌ಗಳಲ್ಲಿ ಮೂರು ವಿಧಗಳುಂಟು. ಮೊದಲನೆಯ ವಿಧದಲ್ಲಿ ಪ್ರತಿಯೊಂದು ಖರ್ಚನ್ನೂ ನಾವೇ ಬರೆಯಬೇಕು: ಮೊಬಲಗು, ದಿನಾಂಕ, ಬಾಬು, ಬೇಕಾದರೆ ಒಂದು ಸಣ್ಣ ಟಿಪ್ಪಣಿ. ಎರಡನೆಯ ವಿಧದವು ಬ್ಯಾಂಕಿನಿಂದ ಬರುವ ಎಸ್‌ಎಂಎಸ್ ಸಂದೇಶಗಳನ್ನು ತಾವೇ ಓದಿ, ಹಣ ಜಮೆಯಾಯಿತೋ ಖರ್ಚಾಯಿತೋ ಎಂದು ಅದರ ಪದಗಳಿಂದ ತಿಳಿದುಕೊಂಡು ಲೆಕ್ಕದಲ್ಲಿ ಸೇರಿಸುತ್ತವೆ. ಮೂರನೆಯ ವಿಧದವು ನಮ್ಮ ಒಪ್ಪಿಗೆ ಪಡೆದು ಬ್ಯಾಂಕಿನಿಂದಲೇ ಲೆಕ್ಕ ತರಿಸಿಕೊಳ್ಳುತ್ತವೆ. ಇದಕ್ಕಾಗಿ ಭಾರತೀಯ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ 'ಅಕೌಂಟ್ ಅಗ್ರಿಗೇಟರ್' ಎಂಬ ಸಂಸ್ಥೆಗಳಿವೆ. ಈ ವ್ಯವಸ್ಥೆಯು ೨೦೨೧ರ ಸೆಪ್ಟೆಂಬರಿನಲ್ಲಿ ಕಾರ್ಯಾರಂಭ ಮಾಡಿತು. ಕೊಟ್ಟ ಒಪ್ಪಿಗೆಯನ್ನು ಬೇಡವೆನಿಸಿದಾಗ ಹಿಂದಕ್ಕೆ ಪಡೆಯುವ ಹಕ್ಕು ಖಾತೆದಾರರಿಗಿದೆ.

ಮೊದಲು ಕಲಿಯುವವರಿಗೆ ಮೊದಲನೆಯ ವಿಧವೇ ಉತ್ತಮವೆಂದು ನನ್ನ ಅಭಿಪ್ರಾಯ. ಯಾಕೆಂದರೆ ಯಂತ್ರವು ತಾನೇ ಬರೆದುಕೊಂಡ ಲೆಕ್ಕವನ್ನು ನಾವು ನೋಡದೆಯೇ ಇದ್ದುಬಿಡಬಹುದು. ನಮ್ಮ ಬೆರಳಿನಿಂದ ಬರೆದ ಲೆಕ್ಕವು ಮನಸ್ಸಿನಲ್ಲಿಯೂ ಬರೆಯಲ್ಪಡುತ್ತದೆ. ಅಲ್ಲದೆ ತಾನಾಗಿ ಬರೆದುಕೊಳ್ಳುವ ಆ್ಯಪ್‌ಗಳಲ್ಲಿ ಕೆಲವು ತಪ್ಪುಗಳು ನುಸುಳುವುದುಂಟು. ಕ್ರೆಡಿಟ್ ಕಾರ್ಡಿನಿಂದ ಸೀರೆ ಕೊಂಡಾಗ ಒಂದು ಸಲ, ಆ ಕಾರ್ಡಿನ ಬಿಲ್ಲು ಕಟ್ಟಿದಾಗ ಮತ್ತೊಂದು ಸಲ, ಹೀಗೆ ಒಂದೇ ಖರ್ಚು ಎರಡು ಬಾರಿ ಸೇರಬಹುದು. ನಮ್ಮದೇ ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಸಾಗಿಸಿದರೆ ಅದನ್ನೂ ಖರ್ಚೆಂದು ಎಣಿಸಬಹುದು. ಎಟಿಎಮ್ಮಿನಿಂದ ತೆಗೆದ ೨,೦೦೦ ರೂಪಾಯಿಯು ಒಂದೇ ಮೊತ್ತವಾಗಿ ಕಾಣುತ್ತದೆಯೇ ಹೊರತು ಅದರಲ್ಲಿ ಮೀನಿಗೆಷ್ಟು, ಕ್ಷೌರಕ್ಕೆಷ್ಟು ಎಂಬುದು ಕಾಣುವುದಿಲ್ಲ. ಅಂಗಡಿಯವನ ಹೆಸರು ಬರುತ್ತದೆ. ಅಲ್ಲಿ ಕೊಂಡದ್ದು ಅಕ್ಕಿಯೋ ಚಾಕೊಲೇಟೋ ಎಂಬುದು ಬರುವುದಿಲ್ಲ. ಆದಕಾರಣ ಯಾವ ಆ್ಯಪ್ ಆದರೂ ವಾರಕ್ಕೊಮ್ಮೆ ಕುಳಿತು ತಿದ್ದತಕ್ಕದ್ದು ಅಗತ್ಯ.

ಇನ್ನು ಆಯವ್ಯಯದ ಅಂದಾಜು, ಎಂದರೆ ಬಜೆಟ್. ಈ ಶಬ್ದವು ಹಳೆಯ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ತೊಗಲು ಚೀಲಕ್ಕಿದ್ದ ಹೆಸರಿನಿಂದ ಹುಟ್ಟಿದ್ದು. ನಮ್ಮ ತಾಯಂದಿರು ಬೇರೆ ಬೇರೆ ಡಬ್ಬಿಗಳಲ್ಲಿ ಹಾಲಿನ ಹಣ, ಹಬ್ಬದ ಹಣ ಎಂದು ವಿಂಗಡಿಸಿಡುತ್ತಿದ್ದುದೂ ಇದೇ ಪದ್ಧತಿಯಲ್ಲವೇ? ಆ್ಯಪ್‌ನಲ್ಲಿ ಒಂದೊಂದು ಬಾಬಿಗೆ ಒಂದು ಮಿತಿಯನ್ನು ಬರೆದಿಟ್ಟರೆ, ಮಿತಿಯು ಸಮೀಪಿಸಿದಾಗ ಅದು ಎಚ್ಚರಿಕೆ ಕೊಡುತ್ತದೆ.

ಉದಾಹರಣೆಗಾಗಿ ತಿಂಗಳಿಗೆ ೩೨,೦೦೦ ರೂಪಾಯಿ ಆದಾಯವಿರುವ ಒಂದು ಸಂಸಾರವನ್ನು ಭಾವಿಸಿಕೊಳ್ಳೋಣ. ಬಾಡಿಗೆ ೮,೦೦೦, ದಿನಸಿ, ಹಾಲು, ತರಕಾರಿ ೯,೦೦೦, ವಿದ್ಯುತ್ತು, ಗ್ಯಾಸು, ಮೊಬೈಲ್ ೨,೫೦೦, ಪ್ರಯಾಣ ೨,೫೦೦, ಔಷಧ ೧,೫೦೦, ಮಕ್ಕಳ ಪುಸ್ತಕ ಮುಂತಾದ ಚಿಕ್ಕ ಖರ್ಚು ೧,೫೦೦, ಇತರ ೧,೫೦೦. ಇವುಗಳ ಮೊತ್ತ ೨೬,೫೦೦. ಉಳಿಯುವುದು ೫,೫೦೦. ಇಷ್ಟೂ ಉಳಿತಾಯವೇ ಎಂದು ಅನೇಕರು ಸಮಾಧಾನಪಡುತ್ತಾರೆ. ಹಾಗೆ ಸಮಾಧಾನಪಡುವುದರಲ್ಲಿಯೇ ಅಪಾಯವಿದೆ.

ಏಕೆಂದರೆ ಪ್ರತಿ ತಿಂಗಳೂ ಬಾರದ ಖರ್ಚುಗಳಿವೆ. ಮೇಲೆ ಹೇಳಿದ ಮನೆಯಲ್ಲಿ ಶಾಲೆಯ ಫೀಸು ವರ್ಷಕ್ಕೆ ೨೪,೦೦೦, ವಿಮೆಯ ಕಂತು ೬,೦೦೦, ಹಬ್ಬ ಮತ್ತು ಬಟ್ಟೆಬರೆ ೯,೦೦೦, ಮನೆಯ ರಿಪೇರಿ ೩,೦೦೦ ಎಂದಿಟ್ಟುಕೊಂಡರೆ ಒಟ್ಟು ೪೨,೦೦೦. ಇದನ್ನು ೧೨ರಿಂದ ಭಾಗಿಸಿದರೆ ತಿಂಗಳಿಗೆ ೩,೫೦೦. ಈ ಮೊಬಲಗನ್ನು ಪ್ರತಿ ತಿಂಗಳೂ ಬೇರೆ ತೆಗೆದಿಡಬೇಕು. ನಿಜವಾದ ಉಳಿತಾಯ ೨,೦೦೦ ಮಾತ್ರ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಫೀಸಿಗಾಗಿ ಕಾಲಾವಕಾಶ ಬೇಡುತ್ತ ನನ್ನ ಕೊಠಡಿಗೆ ಬರುವ ತಂದೆತಾಯಿಗಳಲ್ಲಿ ಬಹುಮಂದಿ ಕಷ್ಟಪಟ್ಟು ದುಡಿಯುವವರು, ಮಗಳು ಓದಬೇಕೆಂಬ ಆಸೆಯುಳ್ಳವರು. ಅವರಲ್ಲಿ ಕೆಲವರಿಗೆ ಆದಾಯವೇ ಸಾಲದು. ಅಂಥವರಿಗೆ ಲೆಕ್ಕದಿಂದ ಹಣ ಹುಟ್ಟುವುದಿಲ್ಲ, ಬೇರೆ ಸಹಾಯವೇ ಬೇಕು. ಆದರೆ ಉಳಿದವರ ವಿಷಯದಲ್ಲಿ, ಜೂನ್ ಬರುವುದೆಂದು ಹಿಂದಿನ ಜುಲೈ ತಿಂಗಳಲ್ಲಿಯೇ ತಿಳಿದಿತ್ತಲ್ಲವೇ? ಹಣವು ಮುಗ್ಗಟ್ಟಾದಾಗ ಮೊದಲು ನಿಲ್ಲುವುದು ಹೆಚ್ಚಾಗಿ ಹೆಣ್ಣುಮಗುವಿನ ಓದು. ಆದಕಾರಣ ಈ ಲೆಕ್ಕವನ್ನು ನಾನು ಕೇವಲ ಮಿತವ್ಯಯದ ವಿಷಯವೆಂದು ಎಣಿಸುವುದಿಲ್ಲ.

ಆ್ಯಪ್ ಆರಿಸುವಾಗ ನೋಡತಕ್ಕ ಸಂಗತಿಗಳು ಕೆಲವಿವೆ. ಮೊದಲನೆಯದಾಗಿ, ಅದು ಕೇಳುವ ಅನುಮತಿಗಳನ್ನು ಓದಬೇಕು. ಖರ್ಚು ಬರೆಯುವ ಪುಸ್ತಕಕ್ಕೆ ನಮ್ಮ ಬಂಧುಮಿತ್ರರ ಫೋನ್ ನಂಬರುಗಳೂ ಭಾವಚಿತ್ರಗಳೂ ಏಕೆ ಬೇಕು? ಅಂಥ ಅನುಮತಿ ಕೇಳಿದರೆ ಆ ಆ್ಯಪನ್ನು ಬಿಟ್ಟುಬಿಡುವುದೇ ಲೇಸು. ಸಾಲ ಕೊಡುವ ಕೆಲವು ಆ್ಯಪ್‌ಗಳು ಹೀಗೆ ನಂಬರುಗಳನ್ನು ತೆಗೆದುಕೊಂಡು, ಸಾಲಗಾರರ ನೆಂಟರಿಷ್ಟರಿಗೆಲ್ಲ ಕರೆಮಾಡಿ ಅವಮಾನಪಡಿಸಿದುದರಿಂದಲೂ ರಿಸರ್ವ್ ಬ್ಯಾಂಕು ೨೦೨೨ರ ಸೆಪ್ಟೆಂಬರಿನಲ್ಲಿ ನಿಯಮಗಳನ್ನು ಹೊರಡಿಸಿ, ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ನೋಡಕೂಡದೆಂದು ವಿಧಿಸಿತು. ಲೆಕ್ಕದ ಆ್ಯಪ್ ಎಂಬ ಹೆಸರಿನಲ್ಲಿದ್ದರೂ ಮಾತುಮಾತಿಗೆ ಸಾಲದ ಆಮಿಷ ತೋರಿಸುವ ಆ್ಯಪನ್ನು ಮನೆಯೊಳಗೆ ಸೇರಿಸಬಾರದು.

ಎರಡನೆಯದಾಗಿ, ಯುಪಿಐ ಪಿನ್ನನ್ನಾಗಲಿ, ಒಟಿಪಿಯನ್ನಾಗಲಿ, ಬ್ಯಾಂಕಿನ ಗುಪ್ತಪದವನ್ನಾಗಲಿ ಯಾವ ಲೆಕ್ಕದ ಆ್ಯಪ್‌ನಲ್ಲಿಯೂ ಬರೆದಿಡಬಾರದು. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಈ ಒಂದು ಮಾತನ್ನು ವಯಸ್ಸಾದ ತಂದೆತಾಯಿಗಳಿಗೆ ತಿಳಿಸಿಕೊಟ್ಟರೆ ಎಷ್ಟೋ ಮೋಸಗಳು ತಪ್ಪುವುವು. ಹಾಗೂ ಮೋಸವಾದಲ್ಲಿ ತಡಮಾಡದೆ ೧೯೩೦ ಎಂಬ ಸಹಾಯವಾಣಿಯ ನಂಬರಿಗೆ ಕರೆಮಾಡಿ ತಿಳಿಸತಕ್ಕದ್ದು.

ಮೂರನೆಯದಾಗಿ, ಲೆಕ್ಕದ ಪ್ರತಿಯೊಂದನ್ನು ಆ್ಯಪ್‌ನ ಹೊರಗೂ ಇಟ್ಟುಕೊಳ್ಳಬೇಕು. ಅಮೆರಿಕ ದೇಶದಲ್ಲಿ ೨೦೦೭ರಲ್ಲಿ ಹೊರಟ 'ಮಿಂಟ್' ಎಂಬ ಆ್ಯಪ್ ಬಹು ಪ್ರಸಿದ್ಧವಾಗಿತ್ತು. ಅಂಥದನ್ನೂ ೨೦೨೪ರ ಮಾರ್ಚಿನಲ್ಲಿ ಮುಚ್ಚಿಬಿಟ್ಟರು. ಹೆಚ್ಚಿನ ಆ್ಯಪ್‌ಗಳಲ್ಲಿ ತಿಂಗಳ ಲೆಕ್ಕವನ್ನು ಒಂದು ಕಡತವಾಗಿ ಹೊರತೆಗೆಯುವ ಅನುಕೂಲವಿರುತ್ತದೆ. ತಿಂಗಳ ಕೊನೆಗೆ ಅದನ್ನು ತೆಗೆದು ಬೇರೆ ಕಡೆ ಇಟ್ಟರೆ, ಫೋನು ಕಳೆದರೂ ಆ್ಯಪ್ ನಿಂತರೂ ಲೆಕ್ಕವು ಉಳಿಯುವುದು.

ಬಾಬುಗಳನ್ನು ಹೆಚ್ಚು ಮಾಡಬಾರದೆಂಬುದು ಮತ್ತೊಂದು ಸೂಚನೆ. ಈರುಳ್ಳಿಗೊಂದು, ಉಪ್ಪಿಗೊಂದು ಬಾಬು ತೆರೆದವರು ಹದಿನೈದು ದಿನಗಳಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ. ಎಂಟು ಹತ್ತು ಬಾಬುಗಳು ಸಾಕು. ಮೊದಲನೆಯ ತಿಂಗಳು ಯಾವ ಮಿತಿಯನ್ನೂ ಹಾಕದೆ, ನಡೆದಂತೆ ನಡೆದುದನ್ನು ಬರೆದರೆ ಸಾಕು. ಎರಡನೆಯ ತಿಂಗಳಿನಿಂದ ಆ ಅಂಕಿಗಳನ್ನು ನೋಡಿ ಮಿತಿಗಳನ್ನು ಗೊತ್ತುಮಾಡಬಹುದು. ಕಂಡುದಕ್ಕಿಂತ ಬಹಳ ಕಡಿಮೆ ಮಿತಿಯನ್ನು ಇಟ್ಟುಕೊಂಡರೆ ಅದು ಒಂದೇ ವಾರದಲ್ಲಿ ಮುರಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಿಜ. ಆದರೆ ಮೊದಲು ಹಾಸಿಗೆಯ ಉದ್ದವನ್ನು ಅಳೆಯಬೇಕಷ್ಟೆ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. ಲೆಕ್ಕವು ಮನೆಯವರೆಲ್ಲರದು. ಹೆಂಡತಿಯು ಮಾಡಿದ ಪ್ರತಿ ಹತ್ತು ರೂಪಾಯಿಗೂ ಸಮಜಾಯಿಷಿ ಕೇಳುವುದಕ್ಕಾಗಿ ಗಂಡನು ಆ್ಯಪ್ ಹಾಕಿಸಿದರೆ ಅದು ಗೃಹಕೃತ್ಯವಲ್ಲ, ವಿಚಾರಣೆ. ಅಂಥ ಮನೆಯಲ್ಲಿ ಸತ್ಯವಾದ ಲೆಕ್ಕವು ಎಂದಿಗೂ ಬರೆಯಲ್ಪಡದು. ಗಂಡಹೆಂಡಿರಿಬ್ಬರ ಖರ್ಚೂ ಒಂದೇ ನ್ಯಾಯದಿಂದ ಬರೆಯಲ್ಪಡಲಿ. ಲೆಕ್ಕ ಕೊಡಬೇಕಾಗಿಲ್ಲದ ಒಂದು ಸಣ್ಣ ಮೊಬಲಗು ಇಬ್ಬರಿಗೂ ಇರಲಿ. ದೊಡ್ಡ ಹೆಣ್ಣುಮಕ್ಕಳನ್ನೂ ತಿಂಗಳ ಕೊನೆಯಲ್ಲಿ ಜೊತೆಗೆ ಕುಳ್ಳಿರಿಸಿಕೊಳ್ಳಿರಿ. ತರಗತಿಯಲ್ಲಿ ಶೇಕಡಾ ಲೆಕ್ಕವನ್ನು ನಾವು ಕಲಿಸುತ್ತೇವೆ. ಅದು ತನ್ನ ಮನೆಯ ಅಕ್ಕಿ ಬೇಳೆಗಳ ಮೇಲೆ ಹೇಗೆ ಸಾಗುತ್ತದೆಂಬುದನ್ನು ಮಗಳು ಮನೆಯಲ್ಲಿಯೇ ಕಲಿಯಬೇಕು. ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆಯಿದ್ದೂ ಅದರಲ್ಲಿರುವ ಶಿಲ್ಕು ಎಷ್ಟೆಂದು ಅರಿಯದ ಹೆಂಗಸರು ಇನ್ನೂ ಇದ್ದಾರೆ. ನಮ್ಮ ಶಾಲೆಯಿಂದ ಹೊರಟವರಲ್ಲಿ ಅಂಥವರು ಇರಬಾರದೆಂಬುದು ನನ್ನ ಹಾರೈಕೆ.

ಬರುವ ತಿಂಗಳ ೧ನೆಯ ತಾರೀಖಿನಿಂದಲೇ ಆರಂಭಿಸಿರಿ. ರಾತ್ರಿ ಊಟವಾದ ಮೇಲೆ ಐದು ನಿಮಿಷ ಸಾಕು. ಮಧ್ಯದಲ್ಲಿ ಎರಡು ದಿನ ಮರೆತುಹೋದರೆ ಲೆಕ್ಕವನ್ನೇ ಕೈಬಿಡದೆ, ನೆನಪಿದ್ದಷ್ಟನ್ನು ಬರೆದು ಮುಂದುವರಿಸಿರಿ. ಮೂರು ತಿಂಗಳಾದ ಮೇಲೆ ಬರುವ ಜೂನ್ ತಿಂಗಳಿನ ಫೀಸಿಗೆ ಎಷ್ಟು ಕೂಡಿದೆಯೆಂದು ಒಮ್ಮೆ ನೋಡಿಕೊಳ್ಳಿರಿ.