ಲಿನಕ್ಸ್ ಲ್ಯಾಪ್‌ಟಾಪ್ ನಿಧಾನವಾಗಿ ಆನ್ ಆಗುತ್ತಿದೆಯೇ? ಫಾರ್ವರ್ಡ್‌ನಲ್ಲಿ ಬಂದ ಆ ‘ಒಂದು ಸಾಲು’ ಟೈಪ್ ಮಾಡಬೇಡಿ

ಹುಣಸೂರು ತಾಲ್ಲೂಕಿನ ಗಾವಡಗೆರೆಯಿಂದ ಮೇಷ್ಟ್ರೊಬ್ಬರು ನಮಗೊಂದು ವಾಟ್ಸ್ಆ್ಯಪ್ ಫಾರ್ವರ್ಡ್ ಕಳುಹಿಸಿ, ‘ಇದನ್ನು ಮಾಡಬಹುದೇ ಸರ್?’ ಎಂದು ಕೇಳಿದ್ದರು. ಅವರ ಹಳೆಯ ಉಬುಂಟು ಲ್ಯಾಪ್‌ಟಾಪ್ ಆನ್ ಆಗಲು ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಉಬುಂಟುವಿನಲ್ಲಿ ಬೇಡದ ಫ್ರೆಂಚ್ ಭಾಷೆಯ ಫೈಲುಗಳು ತುಂಬಿರುತ್ತವೆ, ಟರ್ಮಿನಲ್‌ನಲ್ಲಿ ಈ ಒಂದು ಸಾಲು ಬರೆದರೆ ಅವು ಹೋಗಿ ವೇಗ ಬರುತ್ತದೆ ಎಂಬುದು ಆ ಫಾರ್ವರ್ಡಿನ ಸಾರ.

ಇದು ನಿಜವೇ? ಖಂಡಿತ ಅಲ್ಲ. ಇದು ಅಂತರ್ಜಾಲದಲ್ಲಿ ಬಹಳ ವರ್ಷಗಳಿಂದ ಓಡಾಡುತ್ತಿರುವ ಕೆಟ್ಟ ತಮಾಷೆ. ಆ ಸಾಲಿನಲ್ಲಿರುವ ‘ಆರ್‌ಎಂ’ ಎಂದರೆ ಅಳಿಸು. ‘ಎಫ್‌ಆರ್’ ಫ್ರೆಂಚ್ ಅಲ್ಲ; ಕೇಳದೆ ಅಳಿಸು, ಫೋಲ್ಡರಿನ ಒಳಗೊಳಗಿನದನ್ನೂ ಅಳಿಸು ಎಂಬ ಎರಡು ಸೂಚನೆಗಳು. ಮುಂದಿನ ಓರೆಗೆರೆ ಇಡೀ ವ್ಯವಸ್ಥೆಯ ಬುಡವನ್ನು ತೋರಿಸುತ್ತದೆ. ಬರೀ ಓರೆಗೆರೆ ಹಾಕಿದರೆ ಲಿನಕ್ಸ್ ತಾನೇ ತಡೆಯುತ್ತದೆ. ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ತಡೆಯೂ ಕೆಲಸ ಮಾಡುವುದಿಲ್ಲ. ಈ ಫಾರ್ವರ್ಡಿನಲ್ಲಿ ನಕ್ಷತ್ರ ಇತ್ತು! ಒತ್ತಿದ್ದರೆ ಹತ್ತನೇ ತರಗತಿಯ ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಚುಚ್ಚಿಟ್ಟಿದ್ದ ಪೆನ್‌ಡ್ರೈವ್‌ನಲ್ಲಿದ್ದದ್ದು ಎಲ್ಲವೂ ಹೋಗುತ್ತಿತ್ತು. ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಬರುವುದಿಲ್ಲ.

ನಮ್ಮ ರಾಜ್ಯದ ಸರ್ಕಾರಿ ಶಿಕ್ಷಕರಿಗೆ ಉಬುಂಟು ಹೊಸದಲ್ಲ. ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಜಿಯೋಜಿಬ್ರಾ, ಲಿಬ್ರೆಆಫೀಸ್‌ಗಳನ್ನು ಉಬುಂಟುವಿನಲ್ಲೇ ಕಲಿತವರು ಬಹಳ ಮಂದಿ ಇದ್ದಾರೆ. ಆದ್ದರಿಂದ ಇಂಥ ಫಾರ್ವರ್ಡ್ ಶಿಕ್ಷಕರ ಗ್ರೂಪಿಗೆ ಬಂದರೆ ಅಪಾಯ ಹೆಚ್ಚು.

ಹಾಗಾದರೆ ಲ್ಯಾಪ್‌ಟಾಪ್ ನಿಧಾನವಾಗುವುದು ಏಕೆ? ಊಹಿಸುವ ಅಗತ್ಯವಿಲ್ಲ, ಲಿನಕ್ಸ್ ತಾನೇ ಲೆಕ್ಕ ಇಟ್ಟಿರುತ್ತದೆ. ಟರ್ಮಿನಲ್ ತೆರೆದು ಇಂಗ್ಲಿಷ್ ಚಿಕ್ಕಕ್ಷರಗಳಲ್ಲಿ ‘ಸಿಸ್ಟಮ್‌ಡಿ-ಅನಲೈಜ್’ ಎಂದು ಬರೆದು ಎಂಟರ್ ಒತ್ತಿ (ಕೊನೆಯ ‘ಜ್’ಗೆ ಜೆಡ್ ಅಕ್ಷರ, ಎಸ್ ಅಲ್ಲ). ಇದು ಏನನ್ನೂ ಅಳಿಸುವುದಿಲ್ಲ, ಯಾವ ಹಂತಕ್ಕೆ ಎಷ್ಟು ಸೆಕೆಂಡ್ ಹಿಡಿಯಿತೆಂದು ತೋರಿಸುತ್ತದೆ ಅಷ್ಟೆ. ಅದರ ಮುಂದೆ ಜಾಗ ಬಿಟ್ಟು ‘ಬ್ಲೇಮ್’ ಸೇರಿಸಿದರೆ ಹೆಚ್ಚು ಹೊತ್ತು ತೆಗೆದುಕೊಂಡ ಸೇವೆಗಳ ಪಟ್ಟಿ ಬರುತ್ತದೆ. ಆದರೆ ಪಟ್ಟಿಯ ಮೇಲಿರುವುದೇ ಕಳ್ಳ ಎಂದು ತೀರ್ಮಾನಿಸಬೇಡಿ. ಹಲವು ಸೇವೆಗಳು ಒಟ್ಟಿಗೇ ಓಡುತ್ತಿರುತ್ತವೆ. ಯಾವುದು ಯಾವುದಕ್ಕಾಗಿ ಕಾಯಿತು ಎಂಬುದನ್ನು ‘ಕ್ರಿಟಿಕಲ್-ಚೈನ್’ ಹೇಳುತ್ತದೆ.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಹೆಚ್ಚಿನ ಸಮಯ ಹೋಗುತ್ತಿದ್ದದ್ದು ಕೆಲಸಕ್ಕಲ್ಲ, ಕಾಯುವುದಕ್ಕೆ. ಬಾರದ ಪ್ರಯಾಣಿಕನಿಗಾಗಿ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ ನಿಲ್ಲಿಸಿಕೊಂಡಂತೆ! ಹಿಂದೊಮ್ಮೆ ಯಾರೋ ಡಿಸ್ಕನ್ನು ಹೊಸದಾಗಿ ವಿಂಗಡಿಸುವಾಗ ಸ್ವಾಪ್ ಎಂಬ ಭಾಗವನ್ನು ತೆಗೆದುಹಾಕಿದ್ದರು. ಆದರೆ ‘ಎಫ್‌ಎಸ್‌ಟ್ಯಾಬ್’ ಎಂಬ ಫೈಲಿನಲ್ಲಿ ಅದರ ಹೆಸರು ಹಾಗೇ ಉಳಿದಿತ್ತು. ಇಲ್ಲದ ಆ ಭಾಗಕ್ಕಾಗಿ ಲಿನಕ್ಸ್ ಪ್ರತಿಸಲ 90 ಸೆಕೆಂಡ್ ಕಾಯುತ್ತಿತ್ತು, ಅದು ಸಾಮಾನ್ಯವಾಗಿ ಇರುವ ಗಡುವು. ಆನ್ ಆಗುವಾಗ ಪರದೆಯಲ್ಲಿ ಒಂದೂವರೆ ನಿಮಿಷದ ಎಣಿಕೆ ಓಡುತ್ತಿದ್ದರೆ ನಿಮ್ಮಲ್ಲೂ ಇಂಥದ್ದೇ ತೊಂದರೆ ಇರಬಹುದು. ನಾವು ಫೋನಿನಲ್ಲೇ ಹೇಳಿಕೊಡುತ್ತಾ ಹೋದೆವು. ಅವರು ಮೊದಲು ಆ ಫೈಲಿನ ಪ್ರತಿ ತೆಗೆದಿಟ್ಟರು. ‘ಬ್ಲಾಕ್‌ಐಡಿ’ ಕೊಟ್ಟ ಪಟ್ಟಿಯಲ್ಲಿ ಆ ಉದ್ದನೆಯ ಗುರುತು ಇಲ್ಲವೆಂದು ಖಚಿತಪಡಿಸಿಕೊಂಡು, ಸ್ವಾಪ್ ಇರುವ ಸಾಲಿನ ಆರಂಭಕ್ಕೆ ಹ್ಯಾಶ್ ಚಿಹ್ನೆ ಹಾಕಿದರು. (ಟರ್ಮಿನಲ್‌ನಲ್ಲಿ ಇದರ ಹೆಸರು ‘ಬಿಎಲ್‌ಕೆಐಡಿ’.) ಬೇರೆ ಸಾಲು ಮುಟ್ಟಿದರೆ ಲ್ಯಾಪ್‌ಟಾಪ್ ಆನ್ ಆಗದೇ ಹೋಗಬಹುದು, ಹಾಗಾಗಿ ಧೈರ್ಯ ಇಲ್ಲದವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೆಲವರಲ್ಲಿ ‘ನೆಟ್‌ವರ್ಕ್ ಮ್ಯಾನೇಜರ್ ವೇಟ್ ಆನ್‌ಲೈನ್’ ಎಂಬ ಸೇವೆ ನೆಟ್ ಸಿಗುವವರೆಗೂ ಕಾಯುತ್ತಾ ಇರುತ್ತದೆ. ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡ ಮನೆಯ ಲ್ಯಾಪ್‌ಟಾಪಿಗೆ ಇದು ಸಾಮಾನ್ಯವಾಗಿ ಬೇಕಾಗುವುದಿಲ್ಲ, ನಿಲ್ಲಿಸಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕರೆಂಟ್ ಹೋದಾಗ ದಿಢೀರ್ ಆಫ್ ಆದರೆ, ಮುಂದಿನ ಬಾರಿ ಡಿಸ್ಕ್ ತಪಾಸಣೆ ನಡೆಯಬಹುದು. ಆಗ ಪವರ್ ಬಟನ್ ಒತ್ತಿ ನಿಲ್ಲಿಸಬೇಡಿ.

ವೈರಸ್ ಇರಬಹುದೇ ಎಂದೂ ಮೇಷ್ಟ್ರು ಕೇಳಿದರು. ಲಿನಕ್ಸ್‌ಗೂ ದುಷ್ಟ ತಂತ್ರಾಂಶಗಳಿವೆ, ಆದರೆ ತಡವಾಗಿ ಆನ್ ಆಗುವುದಕ್ಕೆ ಮೊದಲು ಅನುಮಾನಿಸಬೇಕಾದದ್ದು ಅದನ್ನಲ್ಲ. ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಹಳೆಯ ಹಾರ್ಡ್ ಡಿಸ್ಕ್. ಉಬುಂಟುವಿನ ‘ಡಿಸ್ಕ್ಸ್’ ಆ್ಯಪ್‌ನಲ್ಲಿ ಸ್ಮಾರ್ಟ್ ಎಂಬ ಆರೋಗ್ಯ ವರದಿ ಸಿಗುತ್ತದೆ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳು ಕಂಡರೆ, ಅಥವಾ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ, ವೇಗದ ಮಾತು ಬಿಟ್ಟು ಮೊದಲು ಫೈಲುಗಳನ್ನು ಬೇರೆಡೆಗೆ ಕಾಪಿ ಮಾಡಿಕೊಳ್ಳಿ.

ಹ್ಯಾಶ್ ಹಾಕಿದ ಮೇಲೆ ಗಾವಡಗೆರೆಯ ಲ್ಯಾಪ್‌ಟಾಪ್ ಒಂದು ನಿಮಿಷದೊಳಗೆ ಆನ್ ಆಗುತ್ತಿದೆ. ಉಳಿದ ನಿಧಾನ ತಿರುಗುವ ಡಿಸ್ಕಿನದು, ಎಸ್‌ಎಸ್‌ಡಿ ಹಾಕಿಸದೆ ಅದು ಹೋಗುವುದಿಲ್ಲ. ಮೈಸೂರಿಗೆ ಹೋದಾಗ ಹಾಕಿಸುತ್ತೇನೆ ಎಂದಿದ್ದಾರೆ ಮೇಷ್ಟ್ರು. ಅಂಕಪಟ್ಟಿಯನ್ನು ಅಂದೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು, ಪೆನ್‌ಡ್ರೈವ್ ತೆಗೆದು ಬೀರುವಿನಲ್ಲಿಟ್ಟಿದ್ದಾರೆ.